ನೂರಕ್ಕೆ ಆರು

ನನ್ನ ಜೊತೆ ಕೆಲಸ ಮಾಡುವ ಕಡ್ಡಿಯ ಮಗು ಹುಟ್ಟಿದಾಗ ಅದರ ಬೆನ್ನಿನ ಕೆಳಭಾಗದಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗುಳ್ಳೆ ಇತ್ತು. ತೆಳ್ಳಗಿನ ಚರ್ಮ, ಒಳಗೆ ನೀರು. ಬೆನ್ನುಮೂಳೆ ಅಲ್ಲಿ ಮುಚ್ಚಿಕೊಂಡೇ ಇರಲಿಲ್ಲ. ಹೆರಿಗೆ ಮಾಡಿಸಿದ ನರ್ಸಮ್ಮ ಮಗುವನ್ನು ಬೋರಲು ಮಲಗಿಸಿ, ಗುಳ್ಳೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಅಂಗಾಲನ್ನು ಮೆಲ್ಲಗೆ ಚಿವುಟಿದಳು. ಮಗು ಕಾಲೆಳೆದುಕೊಳ್ಳಲಿಲ್ಲ.

"ಈ ವರ್ಷ ನಿಮ್ಮ ಕೋಣೆಯಿಂದ ಇದು ಮೂರನೇದು," ಅಂದಳು. ನನ್ನ ಮುಖ ನೋಡದೆ ಅಂದಳು.

ನಮ್ಮ ಕೋಣೆ ಎಂದರೆ ಬೂಟಿನ ಕಾರ್ಖಾನೆಯ ಅಂಟಿನ ಕೋಣೆ. ಇಪ್ಪತ್ತೆರಡು ಹೆಂಗಸರು ಉದ್ದನೆಯ ಮೇಜಿನ ಎರಡೂ ಬದಿಗೆ ಕೂತು, ಬೆಲ್ಟಿನ ಮೇಲೆ ಬರುವ ಅಟ್ಟೆಗಳಿಗೆ ಬ್ರಷ್ಷಿನಿಂದ ಅಂಟು ಬಳಿಯುತ್ತೇವೆ. ಕಿಟಕಿ ತೆರೆಯುವಂತಿಲ್ಲ, ಧೂಳು ಕೂರುತ್ತದಂತೆ. ಹೊಸಬಳು ಮೊದಲ ವಾರ ವಾಂತಿ ಮಾಡುತ್ತಾಳೆ. ಎರಡನೇ ವಾರ ಕಾರಣವಿಲ್ಲದೆ ನಗುತ್ತಾಳೆ. ಮೂರನೇ ವಾರ ಅವಳಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಆಗ ಮೇಸ್ತ್ರಿ, "ಈಗ ಪಳಗಿದಳು," ಎನ್ನುತ್ತಾನೆ, ಎತ್ತಿನ ವಿಷಯ ಮಾತಾಡುವವನ ಹಾಗೆ.

ನಾನು ಅಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಕಡ್ಡಿ ನನ್ನ ಪಕ್ಕದ ಜಾಗದವಳು. ಮೈ ಕಡ್ಡಿಯಂತೆ, ಅದಕ್ಕೇ ಆ ಹೆಸರು. ಮಾತು ಮಾತ್ರ ದಪ್ಪ.

ಹತ್ತನೆಯ ದಿನ ಕಂಪನಿ ಡಾಕ್ಟರು ಆಸ್ಪತ್ರೆಗೆ ಬಂದ. ನಾನೂ ಅಲ್ಲೇ ಇದ್ದೆ. ಮಗುವಿನ ಗುಳ್ಳೆಯನ್ನು ಕೊಯ್ದು ಹೊಲಿದಿದ್ದರು. ಅವನು ಮಗುವನ್ನು ಮುಟ್ಟಲಿಲ್ಲ, ಕೂರಲಿಲ್ಲ. ಕೈಯಲ್ಲೊಂದು ಅಚ್ಚು ಹಾಕಿದ ಫಾರಂ.

"ಗಂಡ ನಿನಗೆ ಏನಾಗಬೇಕು?"

"ಗಂಡ ಆಗಬೇಕು," ಅಂದಳು ಕಡ್ಡಿ.

"ಅದಲ್ಲಮ್ಮ. ಮದುವೆಗೆ ಮುಂಚೆ. ಮಾವನ ಮಗನೋ, ಅತ್ತೆ ಮಗನೋ?"

"ಅವರ ಊರು ಇಲ್ಲಿಂದ ಮೂರು ದಿನದ ರೈಲು, ಡಾಕ್ಟರೇ. ಮದುವೆ ಆದಾಗ ಅವರಿಗೆ ನಮ್ಮ ಭಾಷೇಲಿ ನೀರು ಕೇಳೋಕೂ ಬರ್ತಿರಲಿಲ್ಲ."

"ಎಲ್ಲೋ ಹಿಂದೆ ಸಂಬಂಧ ಇರುತ್ತೆ. ನಿಮ್ಮಂಥೋರಲ್ಲಿ ಇದ್ದೇ ಇರುತ್ತೆ."

ಹಾಗಂದವನೇ ಬರೆದ. ಕಾರಣ: ರಕ್ತಸಂಬಂಧದ ಮದುವೆ. ಬಾಗಿಲ ಬಳಿ ನಿಂತಿದ್ದ ಅವಳ ಗಂಡ ಏನು ಬರೆದರೆಂದು ಅರ್ಥವಾಗದೆ ಕೈ ಮುಗಿದ.

"ಅಂಟಿನಿಂದ ಏನಾದ್ರೂ..." ಎಂದು ನಾನು ಶುರು ಮಾಡಿದೆ.

"ಅಂಟಿಗೂ ಇದಕ್ಕೂ ಸಂಬಂಧ ಇಲ್ಲ. ಈ ದೇಶದಲ್ಲಿ ಹುಟ್ಟೋ ನೂರು ಮಕ್ಕಳಲ್ಲಿ ಆರು ಹೀಗೇ ಏನಾದ್ರೂ ಊನ ಇಟ್ಕೊಂಡೇ ಹುಟ್ತವೆ. ಸರ್ಕಾರದ ಲೆಕ್ಕ ಇದು. ಬರೋ ತಿಂಗಳು ಆರೋಗ್ಯ ಇಲಾಖೆಯ ಸಾಹೇಬ್ರು ಬಂದು ವರದಿ ಓದ್ತಾರೆ. ಬಂದು ಕೇಳಿ, ಬುದ್ಧಿ ಬರುತ್ತೆ."

ಗಂಡ ಹೆಂಡತಿಯ ನಡುವೆ ಇಲ್ಲದ ಸಂಬಂಧವನ್ನು ಹುಡುಕಿ ತೆಗೆದ ಆ ಮಹಾನುಭಾವನಿಗೆ, ಅಂಟಿಗೂ ಮಗುವಿಗೂ ಇರುವ ಸಂಬಂಧ ಮಾತ್ರ ಕಾಣಲಿಲ್ಲ.

ಕಡ್ಡಿ ಆವತ್ತು ಅಳಲಿಲ್ಲ. ಅವನು ಹೋದ ಮೇಲೆ ಕೇಳಿದಳು. "ಅಕ್ಕ, ನಮ್ಮ ಕೋಣೆಯೋರಿಗೆ ಒಟ್ಟು ಎಷ್ಟು ಮಕ್ಕಳು ಹುಟ್ಟಿರಬಹುದು?"

"ಯಾರಿಗೆ ಗೊತ್ತೇ?"

"ನೋಡ್ಕೊಂಡು ಬರೋಣ."

ಮೂರು ರಜೆಯ ದಿನ ನಾವಿಬ್ಬರೂ ಬೀದಿ ಬೀದಿ ಅಲೆದೆವು. ಕಡ್ಡಿಯ ಹೆಗಲ ಮೇಲೆ ಮಗು, ನನ್ನ ಕೈಯಲ್ಲಿ ಒಂದು ನೋಟ್‌ಬುಕ್ಕು. ಎಷ್ಟೋ ಮನೆಯಲ್ಲಿ ಅರ್ಧ ಬಾಗಿಲು ತೆರೆದು, ನಮ್ಮನ್ನು ಕಂಡು ಮುಚ್ಚಿದರು. ಕೊಳಾಯಿ ಪಕ್ಕದ ಮನೆಯವಳು ನಮ್ಮ ಮೇಜಿನಲ್ಲೇ ಎರಡು ವರ್ಷ ಕೂತವಳು. "ಮಗು ನಮ್ಮಮ್ಮನ ಮನೇಲಿದೆ," ಅಂದಳು. ಅಷ್ಟರಲ್ಲಿ ಪರದೆಯ ಹಿಂದೆ ಯಾವುದೋ ಮಗು ಹಾಲು ನೆತ್ತಿಗೇರಿ ಕೆಮ್ಮಿತು.

ಕಡ್ಡಿ ತನ್ನ ಮಗುವನ್ನು ಅವಳ ಮಂಚದ ಮೇಲೆ ಬೋರಲು ಮಲಗಿಸಿ ಅಂಗಿ ಎತ್ತಿದಳು. ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಆ ಹೆಂಗಸು ಬಹಳ ಹೊತ್ತು ನೋಡಿದಳು.

"ನಿಂದೂನಾ?"

"ನಂದೂ ಕಣಕ್ಕ."

ಅವಳು ಹೋಗಿ ಪರದೆ ಸರಿಸಿದಳು. ಆರು ತಿಂಗಳ ಹೆಣ್ಣು ಕೂಸು. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಅಂಗುಳೂ ಸೀಳಿದ್ದರಿಂದ ಹಾಲು ಮೂಗಿನಿಂದ ಬರುತ್ತಿತ್ತು. "ನಮ್ಮತ್ತೆ ನನ್ನ ಪಾಪ ಅಂತಾರೆ," ಅಂದಳು. "ಯಾರಿಗೂ ತೋರಿಸಿಲ್ಲ. ಕಂಪನಿ ಡಾಕ್ಟರು ಮಾತ್ರ ಬಂದು ರಕ್ತಸಂಬಂಧ ಅಂತ ಬರ್ಕೊಂಡು ಹೋದ್ರು. ನನ್ನ ಗಂಡ ಅನಾಥಾಶ್ರಮದಲ್ಲಿ ಬೆಳೆದೋರು. ಅವರ ಅಪ್ಪ ಅಮ್ಮ ಯಾರು ಅಂತ ಅವರಿಗೇ ಗೊತ್ತಿಲ್ಲ, ಈ ಡಾಕ್ಟರಿಗೆ ಹೆಂಗೆ ಗೊತ್ತಾಯ್ತೋ."

ಕೂಸಿನ ಮೂಗು ಒರೆಸಿ, "ಬರ್ಕೊಳ್ಳಿ," ಅಂದಳು.

ಹಾಗೇ ಮುಚ್ಚಿದ ಬಾಗಿಲುಗಳನ್ನೂ ತೆರೆಸಿ ಬರೆದುಕೊಂಡೆವು. ನಾಲ್ಕು ವರ್ಷದಲ್ಲಿ ಅಂಟಿನ ಕೋಣೆಯವರಿಗೆ ಹುಟ್ಟಿದ್ದು ಹತ್ತೊಂಬತ್ತು ಮಕ್ಕಳು. ಊನವಿದ್ದವು ಏಳು. ಅದರಲ್ಲಿ ಒಂದು, ಹೃದಯದಲ್ಲಿ ತೂತಿದ್ದದ್ದು, ಆಗಲೇ ಮಣ್ಣಾಗಿತ್ತು. ಕಡ್ಡಿ ಬಿಡಲಿಲ್ಲ. "ಮೇಲಿನ ಮಹಡಿಯೋರನ್ನೂ ಕೇಳೋಣ," ಅಂದಳು. ಮೇಲಿನ ಮಹಡಿ ಪ್ಯಾಕಿಂಗ್ ವಿಭಾಗ. ಅದೇ ಕಟ್ಟಡ, ಅದೇ ಬೀದಿಯ ಹೆಂಗಸರು, ಅದೇ ನಲ್ಲಿಯ ನೀರು. ಅಂಟು ಮಾತ್ರ ಇಲ್ಲ. ಅಲ್ಲಿ ಮೂವತ್ತನಾಲ್ಕು ಮಕ್ಕಳು, ಊನವಿದ್ದವು ಎರಡು.

ಸಾಹೇಬ ಬಂದ. ಕ್ಯಾಂಟೀನಿನಲ್ಲಿ ಸಭೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಮೂಡಿಸಿ, ಕೋಲಿನಿಂದ ತೋರಿಸಿದ. "ದೇಶದಲ್ಲಿ ನೂರಕ್ಕೆ ಆರು. ನಿಮ್ಮ ಪಟ್ಟಣದಲ್ಲೂ ನೂರಕ್ಕೆ ಆರು. ಸಮಾಧಾನದ ವಿಷಯ." ಕಂಪನಿ ಡಾಕ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಮದುವೆ ಮನೆಯಲ್ಲಿ ಊಟಕ್ಕೆ ಕರೆದಾಗಲೂ ಇಷ್ಟು ಅವಸರ ಯಾರೂ ಮಾಡುವುದಿಲ್ಲ.

ಕಡ್ಡಿ ಎದ್ದು ನಿಂತಳು. "ನಿಮ್ಮ ಲೆಕ್ಕ ಸರಿ ಇದೆ, ಸಾಹೇಬ್ರೇ. ಪ್ಯಾಕಿಂಗ್‌ನೋರಿಗೆ ಸರಿಯಾಗಿ ಹೊಂದುತ್ತೆ, ಮೂವತ್ತನಾಲ್ಕಕ್ಕೆ ಎರಡು. ನಮ್ಮ ಕೋಣೇಲಿ ಹತ್ತೊಂಬತ್ತಕ್ಕೆ ಒಂದು ಆಗಬೇಕಿತ್ತು. ಏಳಾಗಿದೆ. ಮಿಕ್ಕ ಆರು ಯಾರ ಪಾಲಿನವು?"

ಸಾಹೇಬ ನಕ್ಕ. "ನೋಡಮ್ಮ, ಇಡೀ ಪಟ್ಟಣದ ಹೆರಿಗೆ ಸೇರಿಸಿ ಸರಾಸರಿ ತೆಗೀಬೇಕು. ಏಳು ಅನ್ನೋದು ಸಣ್ಣ ಸಂಖ್ಯೆ. ಇದರಿಂದ ಏನೂ ಹೇಳೋಕಾಗಲ್ಲ."

ಆಗ ಕೊಳಾಯಿ ಪಕ್ಕದ ಮನೆಯವಳು ಎದ್ದಳು. ಸಾಹೇಬನ ಮೇಜಿನ ಹತ್ತಿರ ಹೋಗಿ ಕಂಕುಳಲ್ಲಿದ್ದ ಮಗುವಿನ ಮುಖದ ಮೇಲಿದ್ದ ಬಟ್ಟೆ ತೆಗೆದಳು. "ಇದು ಸಣ್ಣದೇ, ಸಾಹೇಬ್ರೇ. ಎತ್ಕೊಳ್ಳಿ, ಭಾರ ಇಲ್ಲ."

ಅವಳ ಹಿಂದೆ ಉಳಿದವರೂ ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ನಿಂತರು. ಮಗುವನ್ನು ಕಳೆದುಕೊಂಡವಳು ಬರಿಗೈಯಲ್ಲೇ ಬಂದು ಸಾಲಿನಲ್ಲಿ ನಿಂತಳು. ನೂರು ಮಕ್ಕಳನ್ನು ಒಂದೇ ಉಸಿರಿಗೆ ಎಣಿಸುವ ಆ ಮನುಷ್ಯನಿಂದ ಒಂದು ಮಗುವನ್ನು ಎತ್ತಿಕೊಳ್ಳಲು ಆಗಲಿಲ್ಲ. ಕಾಗದಗಳನ್ನು ಚೀಲಕ್ಕೆ ತುರುಕಿದ.

"ಲಿಖಿತವಾಗಿ ಕೊಡಿ, ಪರಿಶೀಲಿಸ್ತೀವಿ."

ಕೊಟ್ಟೆವು. ಇಪ್ಪತ್ತೆರಡು ಜನರೂ ಸಹಿ ಹಾಕಿದೆವು.

ಎರಡು ವಾರಕ್ಕೆ ವರದಿ ಅಚ್ಚಾಗಿ ಬಂತು. ಮೇಸ್ತ್ರಿ ಅದನ್ನು ಗೋಡೆಯ ಮೊಳೆಗೆ ನೇತುಹಾಕಿದ. ಒಳ್ಳೆಯ ಕಾಗದ, ಮುಖಪುಟದಲ್ಲಿ ನಗುವ ದುಂಡು ಮಗು. ಒಳಗೆ ಹುಡುಕಿದೆವು. ನೂರಕ್ಕೆ ಆರು. ನಮ್ಮ ಏಳು ಮಕ್ಕಳು ಎಲ್ಲೂ ಇರಲಿಲ್ಲ. ಇಡೀ ಪಟ್ಟಣದ ಸರಾಸರಿಯಲ್ಲಿ ಅವರನ್ನು ಕರಗಿಸಿ ಕುಡಿದಿದ್ದರು. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ರಕ್ತಸಂಬಂಧ, ಎರಡನೆಯದು ತಾಯಂದಿರ ಅಜ್ಞಾನ.

ಕಡ್ಡಿ ಅದನ್ನು ಕೊನೆಯವರೆಗೂ ಓದಿದಳು. ಬಂದು ತನ್ನ ಜಾಗದಲ್ಲಿ ಕೂರಲಿಲ್ಲ. ಮೇಜಿನ ತುದಿಯಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿದ್ದ ಹುಡುಗಿಯೊಬ್ಬಳಿದ್ದಳು. ಎರಡು ತಿಂಗಳ ಬಸುರಿ. ಕಡ್ಡಿ ಅವಳ ಕೈಯಿಂದ ಬ್ರಷ್ಷು ತೆಗೆದು ಡಬ್ಬಿಯಲ್ಲಿಟ್ಟಳು.

"ಏಳು, ಮೇಲೆ ಹೋಗೋಣ."

"ಮೇಸ್ತ್ರಿ ಬೈತಾನೆ, ಅಕ್ಕ."

"ಬೈಲಿ. ಅವನೇನು ನಿನ್ನ ಮಗು ಹೆರ್ತಾನಾ?"

ಇಬ್ಬರೂ ಮೆಟ್ಟಿಲ ಕಡೆ ನಡೆದರು. ನಾನು ಬ್ರಷ್ಷು ಇಟ್ಟೆ. ನನ್ನ ಎದುರಿನವಳು ಇಟ್ಟಳು. ಬಾಗಿಲಿಗೆ ಅಡ್ಡ ನಿಂತ ಮೇಸ್ತ್ರಿಯ ಪಕ್ಕದಲ್ಲೇ ನುಸುಳಿ ಇಪ್ಪತ್ತೆರಡು ಜನರೂ ಮೆಟ್ಟಿಲು ಹತ್ತಿದೆವು. ಪ್ಯಾಕಿಂಗ್‌ನ ಹೆಂಗಸರು ಏನೂ ಕೇಳದೆ ಬೆಂಚಿನ ಮೇಲೆ ಒತ್ತಿಕೊಂಡು ಕೂತು ಜಾಗ ಕೊಟ್ಟರು.

ಮೇಸ್ತ್ರಿ ಏದುಸಿರು ಬಿಡುತ್ತ ಹತ್ತಿ ಬಂದ. "ಇಲ್ಲಿ ಕೂತ್ರೆ ಕೆಳಗೆ ಅಂಟು ಹಚ್ಚೋರು ಯಾರು?"

"ವರದಿ ಬರೆದೋರನ್ನ ಕರೆಸಿ," ಅಂದಳು ಕಡ್ಡಿ. "ಅವರು ಜ್ಞಾನ ಇರೋರು."

ಕೆಳಗೆ ಬೆಲ್ಟು ಓಡುತ್ತಲೇ ಇತ್ತು. ಅಂಟು ಕಾಣದ ಅಟ್ಟೆಗಳು ತುದಿಗೆ ಬಂದು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು ಮೇಲಿನವರೆಗೂ ಕೇಳುತ್ತಿತ್ತು. ಯಾರೂ ಇಳಿದು ಹೋಗಲಿಲ್ಲ.