ಇಬ್ಬರಿಗೂ ಸೇರಿ ಒಂದು ಟ್ಯಾಬ್ಲೆಟ್

ಅಪ್ಪ ಟ್ಯಾಬ್ಲೆಟ್ ಕಂಪ್ಯೂಟರ್ ತಂದ ದಿನ, "ಇಬ್ಬರಿಗೂ ಸೇರಿ ಒಂದು" ಎಂದರು. ಇಬ್ಬರಿಗೂ ಸೇರಿ ಒಂದು ಎಂದರೆ ತಂಗಿಗೆ ಎಂದೇ ಅರ್ಥ. ನಮ್ಮ ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಅದೇ ಲೆಕ್ಕ. ಒಂದು ವರ್ಷ ಫೇಲಾಗಿ ಅವಳ ಬ್ಯಾಚಿಗೇ ಬಂದು ಬಿದ್ದ ಅಕ್ಕ ನಾನು. ಈಗ ಇಬ್ಬರೂ ಡಾಕ್ಟರುಗಳು, ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ತರಬೇತಿ, ಅದೂ ಒಂದೇ ಹೆಂಗಸರ ವಾರ್ಡಿನಲ್ಲಿ. ಯಾರಿಗೆ ಬೇಕಿತ್ತು ಈ ಭಾಗ್ಯ.

ಟ್ಯಾಬ್ಲೆಟ್ ಕೈಗೆ ಬಂದಿದ್ದೇ ತಡ, ತಂಗಿಯ ನಡಿಗೆಯೇ ಬದಲಾಯಿತು. ರಕ್ತಪರೀಕ್ಷೆಯ ಫಲಿತಾಂಶ ನೋಡಬೇಕೆಂದರೆ ನಾನು ವಾರ್ಡಿನ ಆ ತುದಿಗೆ ಓಡಿ, ಇರುವ ಒಂದೇ ಕಂಪ್ಯೂಟರಿನ ಮುಂದೆ ಸಾಲು ನಿಂತು, ಅಂಗೈ ಮೇಲೆ ಗೀಚಿಕೊಂಡು ಬರಬೇಕು. ಕೈ ತೊಳೆದರೆ ಫಲಿತಾಂಶವೂ ಹೋಯಿತು. ಅವಳು ಹಾಸಿಗೆಯ ಪಕ್ಕದಲ್ಲೇ ನಿಂತು ಬೆರಳು ಆಡಿಸಿದರೆ ಸಾಕು, ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇರುವುದೆಲ್ಲ ಟ್ಯಾಬ್ಲೆಟ್ಟಿನಲ್ಲೂ ಬರುತ್ತಿತ್ತು. ಔಷಧಿಯ ಪ್ರಮಾಣವೂ ಅಲ್ಲೇ, ಎಕ್ಸ್‌ರೇಯೂ ಅಲ್ಲೇ. ಎಕ್ಸ್‌ರೇಯನ್ನು ರೋಗಿಗಳಿಗೇ ತೋರಿಸುವ ಚಾಳಿ ಬೇರೆ. "ನೋಡಿ ಅಜ್ಜಿ, ಇಲ್ಲಿ ಬಿಳಿ ಕಾಣ್ತಿದೆಯಲ್ಲ, ಇಲ್ಲೇ ಕಫ ಕಟ್ಟಿರೋದು" ಎಂದರೆ ಅಜ್ಜಿಯರು ಮೊಮ್ಮಗುವಿನ ಫೋಟೋ ನೋಡುವಂತೆ ಬಗ್ಗಿ ನೋಡುತ್ತಿದ್ದರು. ನಾನು ಹೋದರೆ, "ಆ ಚಿಕ್ಕ ಡಾಕ್ಟ್ರಮ್ಮ ಬರಲ್ವಾ ಇವತ್ತು?" ಎನ್ನುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು.

ಉರಿಯುವುದಕ್ಕೆ ಕಾರಣ ಬರೀ ಅಜ್ಜಿಯರಲ್ಲ. ನಮ್ಮ ವಾರ್ಡಿನ ಮುಖ್ಯಸ್ಥರು, ನಾವೆಲ್ಲ ದೊಡ್ಡ ಡಾಕ್ಟರು ಎಂದು ಕರೆಯುವವರು, ತರಬೇತಿ ಮುಗಿದ ಮೇಲೆ ಒಬ್ಬರನ್ನು ಮಾತ್ರ ತಮ್ಮ ಕೈಕೆಳಗೆ ಉಳಿಸಿಕೊಳ್ಳುತ್ತಾರೆ. ಆ ಜಾಗ ನನಗೆ ಬೇಕಿತ್ತು. ಅದೊಂದು ಸಿಕ್ಕರೆ ಫೇಲಾದ ವರ್ಷದ ಮಾತನ್ನು ನೆಂಟರಿಷ್ಟರು ಯಾರೂ ಎತ್ತಲಾರರು, ನಾನು ಮತ್ತೆ ಅಕ್ಕನಾಗುತ್ತೇನೆ ಎಂದುಕೊಂಡಿದ್ದೆ. ದೊಡ್ಡ ಡಾಕ್ಟರೋ, ರೌಂಡ್ಸಿನಲ್ಲಿ ತಂಗಿ ಪಟಪಟನೆ ವರದಿ ಒಪ್ಪಿಸುತ್ತಿದ್ದಂತೆ ನನ್ನ ಕಡೆ ತಿರುಗಿ, "ತರಬೇತಿಯಲ್ಲಿ ಇರೋರು ಹೀಗೆ ತಯಾರಾಗಿ ಬರಬೇಕು" ಎನ್ನುವರು. ಟ್ಯಾಬ್ಲೆಟ್ ಇದ್ದರೆ ಯಾರು ಬೇಕಾದರೂ ತಯಾರಾಗುತ್ತಾರೆ ಎಂದು ಬಾಯಿತುದಿಗೆ ಬರುತ್ತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎಂದಾರು ಅಂತ ನುಂಗಿಕೊಳ್ಳುತ್ತಿದ್ದೆ.

ಒಂದು ಸಂಜೆ ಊಟಕ್ಕೆ ಕೂತಾಗ ನುಂಗಿಕೊಂಡದ್ದೆಲ್ಲ ಹೊರಬಂತು. "ಇಬ್ಬರಿಗೂ ಅಂತ ತಂದ್ರಲ್ಲ ಅಪ್ಪ, ನಾನು ಅದನ್ನ ಮುಟ್ಟಿಯೂ ನೋಡಿಲ್ಲ."

ಅಪ್ಪ ತಟ್ಟೆಯಿಂದ ತಲೆ ಎತ್ತಿ ತಂಗಿಯನ್ನು ನೋಡಿದರು. "ನಾಳೆಯಿಂದ ಅಕ್ಕನಿಗೆ ಕೊಡಮ್ಮ."

"ತಗೋ ಅಕ್ಕ, ಕೇಳಿದ್ರೆ ಆವತ್ತೇ ಕೊಡ್ತಿದ್ನಲ್ಲ" ಎಂದು ಆಗಲೇ ಎದ್ದುಹೋಗಿ, ಚಾರ್ಜಿಗೆ ಹಾಕಿ, ನನ್ನ ಹಾಸಿಗೆಯ ಪಕ್ಕ ಇಟ್ಟು ಬಂದಳು. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ವಾರ್ಡಿಗೆ ಹೋದೆ. ನಮ್ಮ ವಾರ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕಿಟಕಿ ಹಾಸಿಗೆ, ಕಂಬದ ಹಾಸಿಗೆ, ಬಾಗಿಲ ಹಾಸಿಗೆ, ಹೀಗೇ ಗುರುತು. "ಕಿಟಕಿಗೆ ಸಕ್ಕರೆ ಜಾಸ್ತಿ, ಕಂಬಕ್ಕೆ ಉಬ್ಬಸ" ಎಂದರೆ ನರ್ಸಿನಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅರ್ಥವಾಗುತ್ತದೆ. ಟ್ಯಾಬ್ಲೆಟ್ಟಿನಲ್ಲೂ ರೋಗಿಗಳನ್ನು ಹಾಸಿಗೆಯ ಲೆಕ್ಕದಲ್ಲೇ ಜೋಡಿಸಲಾಗಿತ್ತು. ಪ್ರತಿ ಹಾಸಿಗೆಯ ಬುಡದಲ್ಲಿ ನಿಂತು ಎಲ್ಲವನ್ನೂ ಓದಿಕೊಂಡೆ. ಒಂದು ಅಂಕಿಯೂ ತಪ್ಪದ ಹಾಗೆ ಬಾಯಿಪಾಠ ಮಾಡಿಕೊಂಡೆ. ತಂಗಿ ಬರಿಗೈಯಲ್ಲಿ ಅಜ್ಜಿಯರ ಜೊತೆ ಹರಟುತ್ತಿದ್ದಳು. ಇವತ್ತು ಇವಳ ಬಣ್ಣ ಬಯಲಾಗುತ್ತದೆ ಎಂದು ಒಳಗೊಳಗೇ ಹಿಗ್ಗಿದೆ.

ದೊಡ್ಡ ಡಾಕ್ಟರು ಬಂದರು. ಬಾಗಿಲ ಹಾಸಿಗೆಯ ಹತ್ತಿರ ನನ್ನ ವರದಿ ಕೇಳಿ "ಭೇಷ್" ಎಂದರು. ಅವರ ಬಾಯಿಂದ ನನಗೆ ಭೇಷ್ ಬಂದದ್ದು ಅದೇ ಮೊದಲು. ಉಬ್ಬಿಹೋಗಿ ಕಿಟಕಿ ಹಾಸಿಗೆಗೆ ನಾನೇ ಮುಂದಾಗಿ ಹೋದೆ. ಬೆಳಗಿನ ಸಕ್ಕರೆ ವಿಪರೀತ ಏರಿದೆ ಎಂದು ಟ್ಯಾಬ್ಲೆಟ್ ನೋಡುತ್ತಾ ಒಪ್ಪಿಸಿದೆ. ದೊಡ್ಡ ಡಾಕ್ಟರು ಪರದೆಯ ಮೇಲೊಮ್ಮೆ ಕಣ್ಣಾಡಿಸಿ, "ಇನ್ಸುಲಿನ್ ಹೆಚ್ಚಿಸಿ, ಈಗಲೇ ಕೊಡಿ" ಎಂದರು. ಸಿಸ್ಟರ್ ಸಿರಿಂಜಿಗೆ ಮದ್ದು ಎಳೆದುಕೊಂಡು ಅಜ್ಜಿಯ ತೋಳು ಹಿಡಿದರು.

"ಇದೇನು ಹೊಸ ಸೂಜಿ ತಾಯಿ?" ಎಂದಿತು ಅಜ್ಜಿ, ಏದುಸಿರು ಬಿಡುತ್ತಾ.

"ಸಿಸ್ಟರ್, ಕೊಡಬೇಡಿ." ಹಿಂದೆ ನಿಂತಿದ್ದ ತಂಗಿ ನುಗ್ಗಿ ಬಂದು ಅವರ ಕೈಗೆ ತನ್ನ ಕೈ ಅಡ್ಡ ಹಿಡಿದಳು. "ಇವರು ಕಂಬದ ಹಾಸಿಗೆಯವರು, ಉಬ್ಬಸದವರು. ಇವರಿಗೆ ಸಕ್ಕರೆ ಕಾಯಿಲೆನೇ ಇಲ್ಲ. ಗಾಳಿ ಬೇಕು ಅಂತ ಕಿಟಕಿ ಅಜ್ಜಿ ಜೊತೆ ಹಾಸಿಗೆ ಬದಲಾಯಿಸಿಕೊಂಡಿದ್ದಾರೆ."

ಆ ಅಜ್ಜಿಗೆ ಇನ್ಸುಲಿನ್ ಹೋಗಿದ್ದರೆ ಜೀವಕ್ಕೇ ಸಂಚಕಾರ. ಆಗ ತಲೆ ಎತ್ತಿ ನೋಡಿದೆ. ದಿನಾ ನೋಡುವ ಮುಖ, ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ.

ದೊಡ್ಡ ಡಾಕ್ಟರ ಮುಖ ಕೆಂಪಾಯಿತು. "ಯಾರು ಬದಲಾಯಿಸಿದ್ದು? ಬದಲಾಯಿಸಿದೋರು ಕಂಪ್ಯೂಟರಿನಲ್ಲಿ ಯಾಕೆ ಹಾಕಿಲ್ಲ?"

ತಂಗಿ ನನ್ನನ್ನೊಮ್ಮೆ ನೋಡಿದಳು. "ನಾನೇ ಸರ್. ಬೆಳಿಗ್ಗೆ ನಾನೇ ಬದಲಾಯಿಸಿಕೊಳ್ಳೋಕೆ ಹೇಳಿದೆ. ಹಾಕೋದು ಬಿಟ್ಟುಹೋಯ್ತು. ಅಕ್ಕನಿಗೂ ಹೇಳಲಿಲ್ಲ."

ಅವರು ಅವಳಿಗೆ ಎಲ್ಲರೆದುರು ಚೆನ್ನಾಗಿ ಮಂಗಳಾರತಿ ಮಾಡಿದರು. ನನಗೆ, "ನೀವೂ ಮುಖ ನೋಡಬೇಕಿತ್ತು, ನಾನೂ ನೋಡಬೇಕಿತ್ತು. ಆದರೆ ಮೂಲ ತಪ್ಪು ಇವರದ್ದು" ಎಂದಷ್ಟೇ ಹೇಳಿದರು. ತಪ್ಪು ಅವಳದ್ದೇ ಇರಬೇಕು ಎಂದು ನಂಬಿದೆ, ನಂಬಿ ಖುಷಿಪಟ್ಟೆ.

ಮಧ್ಯಾಹ್ನ ಆ ಅಜ್ಜಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಆ ಚಿಕ್ಕ ಡಾಕ್ಟ್ರು ನಿಮ್ಮನ್ನ ಯಾಕೆ ಎಬ್ಬಿಸಿ ಇಲ್ಲಿಗೆ ಕಳಿಸಿದ್ರು ಅಜ್ಜಿ?" ಎಂದು ಕೇಳಿದೆ.

"ಅವರ‍್ಯಾಕೆ ಕಳಿಸ್ತಾರೆ? ನಾವಿಬ್ಬರೇ ಮಾತಾಡ್ಕೊಂಡು ಬದಲಾಯಿಸ್ಕೊಂಡ್ವಿ. ಅವರು ಬಂದಿದ್ದು ಆಮೇಲೆ. ಬಂದೋರೇ, ಏನಜ್ಜಿ ಮನೆ ಬದಲಾಯಿಸಿಬಿಟ್ರಾ ಅಂತ ನಕ್ಕರು." ಅಜ್ಜಿ ಉಸಿರು ಎಳೆದುಕೊಂಡು ಮುಂದುವರಿಸಿತು. "ನೀವೂ ಬಂದಿದ್ರಲ್ಲ ತಾಯಿ. ನಾನು ನಮಸ್ಕಾರ ಅಂದೆ. ನೀವು ತಲೆ ಎತ್ತಲಿಲ್ಲ."

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ನಿಜ ಹೇಳಿಬಿಡಬೇಕೆಂದು ಹೊರಟೆ. ಬಾಗಿಲವರೆಗೂ ಹೋದೆ. ಹೇಳಿದರೆ ಜಾಗ ಹೋಗುತ್ತದೆ. ಸಿಸ್ಟರ್ ಯಾರೋ ಬಂದು "ಏನಾದ್ರೂ ಬೇಕಿತ್ತಾ ಡಾಕ್ಟ್ರೇ?" ಎಂದರು, ಏನಿಲ್ಲ ಎಂದು ಹಿಂದಕ್ಕೆ ಬಂದೆ.

ತರಬೇತಿ ಮುಗಿಯಿತು. ಜಾಗ ನನಗೇ ಸಿಕ್ಕಿತು. ತಂಗಿಯನ್ನು ಊರಾಚೆಯ ಸಣ್ಣ ಆಸ್ಪತ್ರೆಗೆ ಹಾಕಿದರು. ಅಪ್ಪ ನೆಂಟರಿಗೆಲ್ಲ ಫೋನು ಮಾಡಿ ನನ್ನ ಹೆಸರು ಹೇಳಿದ್ದೂ ಆಯಿತು. ಅವಳು ಹೊರಡುವ ದಿನ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಆವತ್ತು ಯಾಕೆ ಸುಳ್ಳು ಹೇಳಿದೆ?"

ಅವಳು ಸೀರೆಯೊಂದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. "ನಿನಗೆ ಆ ಜಾಗ ಬೇಕೇಬೇಕಿತ್ತಲ್ಲ ಅಕ್ಕ. ನನ್ನನ್ನ ಎಲ್ಲಿ ಹಾಕಿದ್ರೂ ಹೇಗೋ ನಡೆಯುತ್ತೆ."

ಚುಚ್ಚಲು ಹೇಳಿದ್ದರೆ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಎಲ್ಲಿ ಹಾಕಿದರೂ ಅವಳಿಗೆ ನಡೆಯುತ್ತದೆ, ಕೈಯಲ್ಲಿ ಏನಿದ್ದರೂ, ಏನಿಲ್ಲದಿದ್ದರೂ. ನನಗೆ ನಡೆಯುವುದಿಲ್ಲ. ಇಷ್ಟು ದಿನ ಟ್ಯಾಬ್ಲೆಟ್ಟಿನ ಮೇಲೆ ಹೊಟ್ಟೆ ಉರಿದುಕೊಂಡೆ, ಈಗ ಉರಿಯುವುದಕ್ಕೆ ಅವಳೊಬ್ಬಳೇ ಉಳಿದಳು. ಅಷ್ಟು ಆಸೆಪಟ್ಟ ಜಾಗವೂ ಕೊನೆಗೆ ಅವಳು ಕೊಟ್ಟದ್ದೇ ಆಯಿತು.