ಕಾಲರಿನ ಗುಂಡಿ

"ಉಗುಳು ನುಂಗು ಪುಟ್ಟಿ," ಎಂದರು ಡಾಕ್ಟರಮ್ಮ, ಹುಡುಗಿಯ ಹಿಂದೆ ನಿಂತು ಅವಳ ಕುತ್ತಿಗೆಯ ಮೇಲೆ ಬೆರಳಿಟ್ಟು.

ಹುಡುಗಿ ನುಂಗಿದಳು. ಗಂಟಲಿನ ಕೆಳಗೆ ಉಬ್ಬಿದ್ದ ಜಾಗ ಒಮ್ಮೆ ಮೇಲೇರಿ ಇಳಿಯಿತು. ಎದುರು ಕುರ್ಚಿಯಲ್ಲಿ ಕುಳಿತಿದ್ದ ಅವಳ ಅಪ್ಪ, ಟೈಲರು, ಅದನ್ನು ನೋಡಿ ಕಣ್ಣು ತಗ್ಗಿಸಿದ.

"ಇದು ಥೈರಾಯ್ಡ್. ರಕ್ತದ ರಿಪೋರ್ಟೂ ಅದನ್ನೇ ಹೇಳ್ತಿದೆ. ಸಕ್ಕರೆ ಕಾಯಿಲೆ ಇರೋ ಮಕ್ಕಳಿಗೆ ಇದು ಬರೋದುಂಟು, ಅದಕ್ಕೇ ಟೆಸ್ಟ್ ಮಾಡಿಸ್ತಾ ಇರಿ ಅನ್ನೋದು. ಹೋದ ವರ್ಷ ಬರೆದುಕೊಟ್ಟಿದ್ದೆನಲ್ಲ?"

"ಯೂನಿಫಾರಂ ಸೀಸನ್ನು ಮೇಡಂ... ಆಮೇಲೆ ಮಾಡಿಸೋಣ ಅಂತ..."

"ಕುತ್ತಿಗೆ ಊದಿದ್ದು ಯಾವಾಗಿಂದ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೈಲರನ ಕೈಯೂ ಹೆಗಲಿಗೇ ಹೋಯಿತು. ಅಂಗಡಿಯಿಂದ ಹೊರಡುವ ಅವಸರದಲ್ಲಿ ತೆಗೆದಿಡಲು ಮರೆತ ಅಳತೆ ಟೇಪು ಅಲ್ಲಿ ನೇತಾಡುತ್ತಿತ್ತು.

"ಗೊತ್ತಾಗ್ಲಿಲ್ಲ ಮೇಡಂ. ಒಂದು ತಿಂಗಳಾಗಿರಬಹುದೇನೋ."

ಹಸಿ ಸುಳ್ಳು. ಶಾಲೆ ಶುರುವಾದ ವಾರವೇ ಮಗಳು "ಕಾಲರ್ ಬಿಗಿ ಅಪ್ಪ" ಎಂದಿದ್ದಳು. ಅವನು ಗುಂಡಿಯನ್ನು ಅರ್ಧ ಇಂಚು ಸರಿಸಿ ಹೊಲಿದುಕೊಟ್ಟ. ನಾಲ್ಕು ತಿಂಗಳಿಗೆ ಮತ್ತೆ ಬಿಗಿಯಾಯಿತು, ಮತ್ತೆ ಸರಿಸಿದ. ಬೆಳೆಯುವ ಮಗು ಎಂದು ಸ್ಕರ್ಟಿನ ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಇಟ್ಟಿದ್ದ, ಅದನ್ನು ಬಿಚ್ಚುವ ಪ್ರಮೇಯವೇ ಬರಲಿಲ್ಲ. ಊರಿನ ಅರ್ಧ ಜನರ ಅಳತೆ ಬಲ್ಲವನು! ಕುತ್ತಿಗೆ ದಪ್ಪವಾಗುತ್ತಿದೆ, ಕಾಲು ಉದ್ದವಾಗುತ್ತಿಲ್ಲ ಎಂಬುದು ಬೇರೆಯವರ ಮಗುವಾಗಿದ್ದರೆ ತಲೆಗೆ ಹೊಳೆಯದೆ ಇರುತ್ತಿತ್ತೇ? ದೀಪದ ಬುಡದಲ್ಲಿ ಕತ್ತಲೆ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವನಿಗೆ ಎಲ್ಲ ಕಂಡಿತ್ತು. ಕಂಡು, ಮಗಳು ಕದ್ದು ತಿಂದು ದಪ್ಪಗಾಗುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟಿದ್ದ.

ಮನೆಯಲ್ಲಿ ಇನ್ಸುಲಿನ್ ಚುಚ್ಚುವುದು ಅವಳ ಅಮ್ಮನ ಪಾಲು, ಬಾಯಿ ಕಾಯುವುದು ಇವನ ಪಾಲು. ಒಂದು ದಿನ ಶಾಲೆಯ ಚೀಲದಲ್ಲಿ ಚಾಕಲೇಟಿನ ಕಾಗದ ಸಿಕ್ಕಿತು. "ಶುಗರ್ ಇಳಿದು ಮೈ ನಡುಗ್ತಿತ್ತು ಅಪ್ಪ, ಅದಕ್ಕೇ ತಿಂದೆ. ಆಣೆಗೂ," ಎಂದಳು. "ದಿನಾ ಇಳಿಯುತ್ತಾ ನಿಂಗೆ? ಯಾರ ಕಿವಿಗೆ ಹೂವ ಇಡ್ತೀಯ?" ಎಂದು ಗಿರಾಕಿಗಳ ಎದುರೇ ಗದರಿದ. ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಬಂದು ಚೀಲ ತೋರಿಸಬೇಕೆಂದು ಅಂದಿನಿಂದ ಕಟ್ಟಪ್ಪಣೆಯಾಯಿತು.

"ಶುಗರ್ ಪದೇ ಪದೇ ಇಳೀತಿತ್ತಾ ಪುಟ್ಟಿ?" ಡಾಕ್ಟರಮ್ಮ ಕೇಳಿದರು. "ಥೈರಾಯ್ಡ್ ಕಮ್ಮಿಯಾದಾಗ ಹಾಗಾಗುತ್ತೆ. ಸುಸ್ತು, ನಿದ್ದೆ, ಎತ್ತರ ನಿಂತುಹೋಗೋದು, ಎಲ್ಲಾ ಅದರಿಂದಲೇ."

ಹುಡುಗಿ ಉತ್ತರ ಕೊಡುವ ಮೊದಲು ಅಪ್ಪನ ಮುಖ ನೋಡಿದಳು, ಹೇಳಲೋ ಬೇಡವೋ ಎಂಬಂತೆ.

"ಒಂದು ತಿಂಗಳಲ್ಲ ಮೇಡಂ," ಎಂದ ಟೈಲರು. "ಹತ್ತು ತಿಂಗಳಾಯ್ತು. ಎರಡು ಸಲ ಕಾಲರ್ ಗುಂಡಿ ಸರಿಸಿದೀನಿ, ನನ್ನ ಕೈಯಾರೆ. ಶುಗರ್ ಇಳೀತು ಅಂತ ಅವಳು ಹೇಳ್ತಾನೇ ಇದ್ಲು. ನಾನೇ ನಂಬಲಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು.

"ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಚುರುಕಾಗ್ತಾಳೆ, ಬೆಳೀತಾಳೆ. ಆದರೆ ನಿಂತುಹೋದ ಎತ್ತರ ಪೂರ್ತಿ ವಾಪಸ್ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ."

ದಾರಿಯುದ್ದಕ್ಕೂ "ತಪ್ಪಾಯ್ತು ಪುಟ್ಟಿ" ಎನ್ನಲು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಹೆತ್ತ ಮಗಳ ಮುಂದೆ ಎರಡು ಮಾತಾಡಲು ಇಷ್ಟು ನಾಚಿಕೆಯೇ ಎಂದು ತನ್ನನ್ನೇ ಶಪಿಸಿಕೊಂಡ. ಅಂಗಡಿಯ ಬೀಗ ತೆಗೆದು, ಟೇಪನ್ನು ಮೊಳೆಗೆ ಹಾಕಿ ತಿರುಗಿದ. ಶಾಲೆಯಿಂದ ನೇರ ಆಸ್ಪತ್ರೆಗೆ ಬಂದಿದ್ದ ಮಗಳು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ದಿನದಂತೆ ಚೀಲದ ಜಿಪ್ಪು ಎಳೆದಿದ್ದಳು. ಪುಸ್ತಕಗಳು, ಪೆನ್ಸಿಲ್ ಡಬ್ಬಿ, ಶುಗರ್ ನೋಡುವ ಮಷಿನ್ನು ಒಂದೊಂದಾಗಿ ಮೇಜಿಗೆ ಬಂದವು.

"ಬೇಡಮ್ಮ. ಇನ್ಮೇಲೆ ತೋರಿಸ್ಬೇಡ. ನಂದೇ ತಪ್ಪು."

"ಹೂಂ ಅಪ್ಪ," ಎಂದಳು.

ಹಾಗೆಂದವಳೇ ಊಟದ ಡಬ್ಬಿಯ ಮುಚ್ಚಳ ತೆಗೆದಿಟ್ಟಳು. ಖಾಲಿ ಚೀಲವನ್ನು ತಲೆಕೆಳಗು ಮಾಡಿ ಎರಡು ಸಲ ಕೊಡವಿದಳು. ಆಮೇಲೆ, ಅವನು ನೋಡಿ ಮುಗಿಸಲೆಂದು, ಕೈಕಟ್ಟಿ ನಿಂತಳು.