ಜೂನ್ ತಿಂಗಳ ಹಾಳೆ

ಪ್ರವಾಸದ ಆಫೀಸಿನಲ್ಲಿ ಅವಳಿಗೆ ಚೀಟಿ ಮೇಡಂ ಅಂತಲೇ ಹೆಸರು. ವರ್ಷವಿಡೀ ಸೆಕೆ ಇರುವ ಆ ದ್ವೀಪಗಳ ದೇಶಕ್ಕೆ ಹೊರಟವರು ಯಾರೇ ಬರಲಿ, ಅವರು ಹೇಳಿದ ದ್ವೀಪ, ಬೀಚು, ಊರು ಎಲ್ಲವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ತುಂಬ ಹರಡುತ್ತಿದ್ದಳು. "ಯಾವುದನ್ನ ಬಿಟ್ಟರೆ ಹೊಟ್ಟೆ ಉರಿಯಲ್ವೋ, ಅದನ್ನ ಮಗುಚಿ ಹಾಕಿ" ಅನ್ನುತ್ತಿದ್ದಳು. ಆಸೆಗೇನು, ಹದಿನೈದು ಚೀಟಿ ಬರೆಸುತ್ತಾರೆ. ರಜೆ ನೋಡಿದರೆ ಏಳೇ ದಿನ. ಹಾಸಿಗೆ ಇದ್ದಷ್ಟೇ ತಾನೇ ಕಾಲು ಚಾಚಬೇಕು. ಕೊನೆಗೆ ಮಗುಚದೆ ಉಳಿದದ್ದೇ ಪ್ರವಾಸ.

ಅವತ್ತು ಬೆಳಿಗ್ಗೆ ಬಂದವರು ಬೀದಿ ಕೊನೆಯ ಇಸ್ತ್ರಿ ಅಂಗಡಿಯ ಗಂಡ ಹೆಂಡತಿ. ಇಬ್ಬರಿಗೂ ಐವತ್ತು ದಾಟಿದೆ. ಮೇಡಂ ಚೀಟಿ ಕಟ್ಟು ಎಳೆದುಕೊಂಡದ್ದೇ ತಡ, ಗಂಡ ಕೈ ಅಡ್ಡ ಹಿಡಿದ.

"ಚೀಟಿಯೆಲ್ಲ ಬೇಡ ಮೇಡಂ. ನಮ್ಮದು ಏಳು ದಿನ, ಒಂದೇ ಜಾಗ."

ಚೀಲದಿಂದ ಅವನು ಹೊರಗೆ ತೆಗೆದದ್ದು ಹಳೇ ಕ್ಯಾಲೆಂಡರಿನ ಒಂದು ಹಾಳೆ. ಒಂದು ಸುಕ್ಕಿಲ್ಲ, ಒಂದು ಮಡಿಕೆಯಿಲ್ಲ. ಪುಣ್ಯಾತ್ಮರು ಕಾಗದಕ್ಕೂ ಇಸ್ತ್ರಿ ಹಾಕಿದ್ದರು. ನೀರಿನ ಮೇಲೆ ಬಾಗಿದ ತೆಂಗಿನಮರ, ಅದರ ಬುಡಕ್ಕೆ ಕಟ್ಟಿದ ನೀಲಿ ದೋಣಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಆಮೆ ದ್ವೀಪ'.

ಮೇಡಂ ನೋಡಿದ ಕೂಡಲೇ ಹಾಳೆಯ ಗುರುತು ಹಿಡಿದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಅವಳ ಪಾಡು ಹಾಗಾಯಿತು. ಈ ಕ್ಯಾಲೆಂಡರು ಇದೇ ಆಫೀಸಿನದು. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹನ್ನೆರಡು ಚಿತ್ರಕ್ಕೆ ಹನ್ನೆರಡು ಹೆಸರು ಜೋಡಿಸಿ ಕೊಟ್ಟವಳು ಇವಳೇ. ಜೂನ್ ಚಿತ್ರದ ಹೆಸರು ಜುಲೈಗೆ ಹೋಗಿತ್ತು, ಜುಲೈದು ಜೂನ್‌ಗೆ ಬಂದಿತ್ತು. ಈ ತೆಂಗಿನಮರ ಇರುವುದು ಆಮೆ ದ್ವೀಪದಲ್ಲಲ್ಲ, ದೇಶದ ಇನ್ನೊಂದು ತುದಿಯ ಉದ್ದಮರಳು ಬೀಚಿನಲ್ಲಿ. ಅಚ್ಚಾಗಿ ಬಂದ ಕಟ್ಟು ಬಿಚ್ಚಿದಾಗಲೇ ಅವಳಿಗೆ ಗೊತ್ತಾಗಿತ್ತು. ಗೋಡೆ ಕ್ಯಾಲೆಂಡರ್ ನೋಡಿಕೊಂಡು ಯಾರು ಊರು ಹುಡುಕಿಕೊಂಡು ಹೋಗುತ್ತಾರೆ ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈಗ ನೋಡಿ, ಎದುರಿಗೇ ಬಂದು ಕೂತಿದ್ದಾರೆ.

"ಇವಳ ಇಸ್ತ್ರಿ ಮೇಜಿನ ಮುಂದೇನೇ ಇದು ಇರೋದು," ಗಂಡ ಹೇಳಿದ. "ಬೇರೆ ತಿಂಗಳು ತಿರುಗಿಸೋಕೆ ಬಿಡಲೇ ಇಲ್ಲ. ಹನ್ನೊಂದು ವರ್ಷದಿಂದ ನಮ್ಮಂಗಡೀಲಿ ಬರೀ ಜೂನ್ ತಿಂಗಳೇ ಮೇಡಂ."

"ಇವರೇನು ಕಮ್ಮಿಯಾ," ಅಂದಳು ಹೆಂಡತಿ. "ಪಕ್ಕದಲ್ಲಿ ಬಟ್ಟೆ ಮಡಚ್ತಾ ದಿನಾ ಅದೇ ದ್ವೀಪದ ಪುರಾಣ. ದೀಪಸ್ತಂಭಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲಂತೆ. ಆಮೆ ಮೊಟ್ಟೆ ಇಡುವಾಗ ಕಣ್ಣೀರು ಹಾಕುತ್ತಂತೆ. ಯಾರು ಶರ್ಟ್ ಕೊಡೋಕೆ ಬಂದರೂ ಅವರನ್ನ ಕೇಳಿ ಕೇಳಿ ತಿಳ್ಕೊಂಡು ಬಂದು ನನ್ನ ತಲೆ ತಿಂದಿದ್ದಾರೆ."

ಮೇಡಂ ಟಿಕೆಟ್ ಪುಸ್ತಕ ತೆರೆದಳು. ಸುಮ್ಮನೆ ಬರೆದುಬಿಟ್ಟರೆ ಮುಗಿಯಿತು. ಆದರೆ ಇಬ್ಬರೂ ಆ ದ್ವೀಪದಲ್ಲಿ ಇಳಿದು, ಈ ಹಾಳೆ ಹಿಡಿದುಕೊಂಡು ಬಾಗಿದ ಮರಕ್ಕಾಗಿ ಬಿಸಿಲಲ್ಲಿ ಅಲೆಯುವುದು ಅವಳ ಕಣ್ಣಿಗೆ ಕಟ್ಟಿತು. ಇಂಥವರು ಆಫೀಸನ್ನು ಬಯ್ಯುವ ಪೈಕಿಯಲ್ಲ. ನಾವೇ ಸರಿಯಾಗಿ ಹುಡುಕಲಿಲ್ಲ ಅಂದುಕೊಂಡು ವಾಪಸ್ ಬರುತ್ತಾರೆ. ಆಯುಷ್ಯದಲ್ಲಿ ಒಂದೇ ಸಲ ಅಂಗಡಿ ಬಾಗಿಲು ಹಾಕಿ ಹೊರಟವರು. ಅವಳಿಗೆ ತಡೆಯಲಾಗಲಿಲ್ಲ.

"ಅಣ್ಣ, ಅಕ್ಕ, ನನ್ನಿಂದ ಒಂದು ತಪ್ಪಾಗಿದೆ," ಅಂದಳು. ಎಲ್ಲ ಹೇಳಿದಳು.

ಗಂಡ ಹಾಳೆಯನ್ನೇ ನೋಡುತ್ತ ಕೂತ. ಮೊದಲ ಸಲ ನೋಡುವವನ ಹಾಗೆ ನೋಡಿದ. ಹೆಂಡತಿ ಸೆರಗಿನ ಅಂಚನ್ನು ಬೆರಳಲ್ಲೇ ತೀಡಿ ಸರಿ ಮಾಡುತ್ತಿದ್ದಳು.

"ಎರಡಕ್ಕೂ ಹೋಗಬಹುದಾ?" ಕೊನೆಗೆ ಅವನೇ ಕೇಳಿದ.

"ಏಳು ದಿನದಲ್ಲಿ ಆಗಲ್ಲ ಅಣ್ಣ. ಎರಡೂ ದೇಶದ ಎರಡು ತುದಿ, ದ್ವೀಪಕ್ಕೆ ಹಡಗು ಇರೋದು ಮೂರು ದಿನಕ್ಕೊಂದು."

ಮೇಡಂ ಎರಡು ಚೀಟಿ ಬರೆದು ಮುಂದಿಟ್ಟಳು. ಒಂದು ಉದ್ದಮರಳು, ಒಂದು ಆಮೆ ದ್ವೀಪ. ಗಂಡ ಹೆಚ್ಚು ಹೊತ್ತು ಯೋಚಿಸಲಿಲ್ಲ. ಆಮೆ ದ್ವೀಪದ ಚೀಟಿಯನ್ನು ತಾನೇ ಮಗುಚಿ ಹಾಕಿದ.

"ಚಿತ್ರ ಇವಳದು ಮೇಡಂ. ಪಾಪ, ಕಾದ ಇಸ್ತ್ರಿಪೆಟ್ಟಿಗೆ ಮುಂದೆ ನಿಂತು ನಿಂತು ಅದನ್ನೇ ನೋಡಿದಾಳೆ. ನಂದೇನಿದೆ, ಬರೀ ಬಾಯಿಮಾತು. ಉದ್ದಮರಳಿಗೇ ಬರೀರಿ."

ನಗುತ್ತಲೇ ಹೇಳಿದ. ಆ ನಗು ಕಣ್ಣಿನ ತನಕ ಹೋಗಲಿಲ್ಲ ಅನ್ನುವುದು ಮೇಡಂಗೂ ಕಂಡಿತು. ತನ್ನ ಕೈಬರಹದ ಆ ಚೀಟಿಯ ಬೆನ್ನು ನೋಡಿ ಅವಳಿಗೆ ಅಳುವೇ ಬಂತು.

ಹೆಂಡತಿ ಕೈಚಾಚಿ, ಗಂಡ ಮಗುಚಿದ್ದ ಚೀಟಿಯನ್ನು ಮತ್ತೆ ತಿರುಗಿಸಿದಳು. ಉದ್ದಮರಳಿನ ಚೀಟಿಯನ್ನು ಮಗುಚಿ ಹಾಕಿ, ಬಟ್ಟೆ ಮೇಲೆ ಕೈಯಾಡಿಸುವವಳಂತೆ ಒಂದು ಸಲ ಸವರಿದಳು.

"ಈ ಮರ, ಈ ದೋಣಿ, ಹನ್ನೊಂದು ವರ್ಷ ನೋಡಿದೀನಿ ಕಣಮ್ಮ," ಅಂದಳು. "ಕಣ್ಣು ಮುಚ್ಚಿದರೂ ಕಾಣುತ್ತೆ. ಇವರು ಹೇಳಿದ್ದಿದೆಯಲ್ಲ, ಅದನ್ನ ಇನ್ನೂ ನೋಡಿಲ್ಲ. ದ್ವೀಪಕ್ಕೇ ಬರಿ."

ಗಂಡ ತಲೆ ತಗ್ಗಿಸಿದ. ಮೂಗು ಒರೆಸಿಕೊಂಡು, ಅದು ಯಾರಿಗೂ ಕಾಣಬಾರದು ಅಂತ ಕೆಮ್ಮಿದ.

"ಮೆಟ್ಟಿಲು ಇನ್ನೂರ ಹನ್ನೆರಡು ಕಣೇ. ನಿನ್ನ ಮಂಡಿ?"

"ಹನ್ನೊಂದು ವರ್ಷ ನಿಂತೇ ಇದೀನಲ್ಲ ರೀ," ಅಂದಳು. "ಹತ್ತೋದೇನು ಮಹಾ. ನೀವು ಕೈ ಹಿಡ್ಕೊಂಡು ಎಣಿಸ್ತಾ ಬನ್ನಿ."